ಮಣ್ಣಿನಡಿಯ ಉಸಿರುಮಣಿ

ಮಣ್ಣಿಗೆ ಸೇರಿದ ಮನುಷ್ಯನೊಬ್ಬನ ಹೆಸರಿನ ಮುಂದೆ ಹಸಿರು ದೀಪ ಹೊತ್ತಿದ್ದನ್ನು ಮೊದಲು ಕಂಡವಳು ಸುಮಿತ್ರಾ ಬೆಳವಡಿ.

ಹುಬ್ಬಳ್ಳಿಯ ಉಸಿರು ಕೇಂದ್ರದಲ್ಲಿ ಅವಳು ಎಂಜಿನಿಯರು. ಅಲ್ಲಿನ ನಿಗಾ ಕೋಣೆಯಲ್ಲಿ ಗೋಡೆಯಗಲದ ಒಂದು ಪರದೆ. ಅದರ ಮೇಲೆ ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ಕೆಲಸ ಮಾಡುವ ಸಾವಿರಾರು ಜನರ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ದೀಪ. ಹಸಿರಾದರೆ ಕ್ಷೇಮ. ಹಳದಿಯಾದರೆ ಕಾದು ನೋಡಬೇಕು. ಕೆಂಪಾದರೆ ಫೋನು ಮಾಡಿ ಕರೆಸಬೇಕು. ದೀಪವೇ ಇಲ್ಲದಿದ್ದರೆ ಆ ಮನುಷ್ಯ ಮೊಬೈಲು ಮನೆಯಲ್ಲಿ ಬಿಟ್ಟು ಎಲ್ಲಿಗೋ ಹೋಗಿದ್ದಾನೆ ಎಂದರ್ಥ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ಆ ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ಚನ್ನಮಲ್ಲಪ್ಪ ಎಂಬ ಹೆಸರು ಹಸಿರಾಗಿತ್ತು. ಅವನು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲ. ತೀರಿಕೊಂಡು ಎರಡು ವಾರವಾಗಿತ್ತು. ಹೆಸರು ತೆಗೆಯಲು ಯಾರೋ ಮರೆತಿರಬೇಕು, ಅದು ಸರಿ. ಆದರೆ ದೀಪ? ಸುಮಿತ್ರಾ ಆ ಹೆಸರನ್ನು ಒತ್ತಿದಳು. ಪರದೆಯ ಮೇಲೆ ಒಂದು ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಅದು ಉಸಿರು. ದಣಿದ ಗಂಡಸೊಬ್ಬನ ದೀರ್ಘವಾದ ಉಸಿರು.

ಅವಳು ಅವನ ಮೊಬೈಲಿಗೆ ಫೋನು ಹಚ್ಚಿದಳು. ಬಹಳ ಹೊತ್ತಿನ ಮೇಲೆ ಯಾರೋ ಎತ್ತಿದರು.

"ಹಲೋ, ಇದು ಚನ್ನಮಲ್ಲಪ್ಪನವರ ನಂಬರ್ ಹೌದಲ್ರಿ?"

"ಹೌದ್ರಿ." ಹೆಣ್ಣಿನ ದನಿ. ಪಿಸುಮಾತಿನಷ್ಟು ಮೆಲ್ಲಗೆ.

"ನೀವು ಯಾರ್ರೀ?"

"ಅವರ ಮನ್ಯಾಕಿ. ಶಂಕ್ರವ್ವ."

"ಈಗ ಎಲ್ಲಿ ಕುಂತೀರಿ?"

"ಇವರ ಹತ್ರನ ಕುಂತೀನಿ." ತುಸು ತಡೆದು ಆ ದನಿ ಮುಂದುವರಿಯಿತು. "ಸಣ್ಣಗ ಮಾತಾಡ್ರಿ ಬಾಯಾರ. ಜೋರು ಮಾತಾಡಿದ್ರ ಇವರ ಉಸುರು ಕೇಳಂಗಿಲ್ಲ."

*

ಉಸಿರುಮಣಿ ಎಂದರೆ ಜೋಳದ ಕಾಳಿನಷ್ಟು ಗಾತ್ರದ ಒಂದು ಯಂತ್ರ. ನಮ್ಮ ಹುಬ್ಬಿನ ಮೇಲೆ, ಹಣೆಯ ಎಲುಬಿನೊಳಗೆ, ಗಾಳಿ ತುಂಬಿದ ಪೊಳ್ಳು ಕೋಣೆಗಳಿವೆ. ಮೂಗಿನ ಎರಡೂ ಪಕ್ಕದಲ್ಲಿ ಅಂಥವೇ ಇನ್ನೂ ಕೆಲವಿವೆ. ಸೈನಸ್ ಎನ್ನುವುದು ಇವನ್ನೇ. ಇವುಗಳ ಬಾಗಿಲು ಮೂಗಿನೊಳಕ್ಕೆ ತೆರೆಯುತ್ತದೆ. ನೆಗಡಿಯಾದಾಗ ಬಾಗಿಲು ಊದಿ ಮುಚ್ಚಿಕೊಂಡು ಒಳಗೆ ಸಿಂಬಳ ಕಟ್ಟುತ್ತದೆ, ತಲೆ ಭಾರವಾಗುತ್ತದೆ. ಹೆಚ್ಚಿನವರಿಗೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ. ಎಲ್ಲೋ ಒಬ್ಬರಿಗೆ ಮಾತ್ರ ಕಟ್ಟಿದ್ದು ಕೀವಾಗಿ, ಹೊರಗೆ ಬರಲು ದಾರಿ ಸಿಗದೆ, ಗೋಡೆಯನ್ನೇ ತಿನ್ನುತ್ತದೆ. ಹಣೆಯ ಕೋಣೆಯ ಹಿಂದಿನ ಗೋಡೆ ದಾಟಿದರೆ ಮಿದುಳು. ಮೂಗಿನ ಪಕ್ಕದ ಕೋಣೆ ದಾಟಿದರೆ ಕಣ್ಣು. ನಡುವಿನ ಎಲುಬು ಕಾಗದದಷ್ಟು ತೆಳು.

ವೈದ್ಯರು ಮಣಿಯನ್ನು ಮೂಗಿನೊಳಗಿಂದಲೇ ತೂರಿಸಿ ಹಣೆಯ ಕೋಣೆಯಲ್ಲಿ ಕೂಡಿಸುತ್ತಿದ್ದರು. ಉಸಿರಾಟದಿಂದ ಒಳಗಿನ ಗಾಳಿ ಮಿಸುಕಿದಾಗ ಆ ಮಿಸುಕಿನಿಂದಲೇ ಅದು ತನ್ನ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುತ್ತಿತ್ತು. ಒಳಗಿನ ವಾಸನೆ, ಬಿಸಿ, ಒತ್ತಡಗಳನ್ನು ಗುರುತಿಸಿ ಹತ್ತಿರದಲ್ಲಿದ್ದ ಮೊಬೈಲಿಗೆ ಕಳಿಸುತ್ತಿತ್ತು. ಸುದ್ದಿ ಬಂದಾಗಲೆಲ್ಲ ಮೊಬೈಲು ಸಣ್ಣಗೆ 'ಟಿಕ್' ಎನ್ನುತ್ತಿತ್ತು. ಕೀವು ಕಟ್ಟಿ ಗಾಳಿ ನಿಂತರೆ ಮಣಿ ಸಾಯಬಾರದಲ್ಲ, ಅದಕ್ಕಾಗಿ ಇನ್ನೊಂದು ಏರ್ಪಾಟೂ ಇತ್ತು. ರೋಗಾಣುಗಳು ಬೆಳೆಯುವಾಗ ಹುಟ್ಟುವ ಅಷ್ಟಿಷ್ಟು ವಿದ್ಯುತ್ತನ್ನೂ ಅದು ಹೀರಿಕೊಳ್ಳಬಲ್ಲದಾಗಿತ್ತು.

ಬ್ಯಾಡಗಿಯಲ್ಲಿ ಇದಕ್ಕೊಂದು ತೊಡಕಾಯಿತು. ಸುಗ್ಗಿಯಲ್ಲಿ ಪೇಟೆಯ ತುಂಬ ಕೆಂಪು ರಾಶಿ, ಗಾಳಿಯ ತುಂಬ ಘಾಟು. ಎಲ್ಲರ ಮೂಗೂ ಸೋರುತ್ತಿತ್ತು, ಎಲ್ಲರ ದೀಪವೂ ಕೆಂಪಾಗುತ್ತಿತ್ತು. ಫೋನು ಮಾಡಿ ಮಾಡಿ ನಿಗಾ ಕೋಣೆಯವರು ಸೋತರು, ಫೋನು ಎತ್ತಿ ಎತ್ತಿ ಊರಿನವರು ಬೈದರು. ಕೊನೆಗೆ ಸುಮಿತ್ರಾ ಮತ್ತು ಅವಳ ಮೇಲಿನವರು ಕೂತು, ಘಾಟಿನ ವಾಸನೆಯನ್ನು ಬೇರೆ ಮಾಡಿ ತೋರಿಸುವಂತೆ ಮಣಿಗೆ ಕಲಿಸಿದರು. ಆಮೇಲೆ ಪರದೆ ಹಸಿರಾಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು.

ಚನ್ನಮಲ್ಲಪ್ಪನಿಗೆ ಹಣೆ ನೋವು ಶುರುವಾಗಿದ್ದು ಆ ಸುಗ್ಗಿಯಲ್ಲೇ. ಹಣೆಗೊಂದು ಟವೆಲು ಬಿಗಿದುಕೊಂಡು ಚೀಲ ಹೊತ್ತ. ನಡುವೆ ಜ್ವರ ಬಂತು, ಹುಬ್ಬಿನ ಮೇಲೆ ಮೆತ್ತನೆಯ ಬಾವು ಎದ್ದಿತು. ಚೀಲದ ಮೂಲೆ ಬಡಿದಿದೆ ಎಂದುಕೊಂಡ. ಒಂದು ಮುಂಜಾನೆ ಹೆಂಡತಿಯನ್ನು ಯಾರದೋ ಹೆಸರಿನಿಂದ ಕರೆದು, ನಕ್ಕು, ಅಲ್ಲೇ ಕುಸಿದು ಕೈಕಾಲು ಸೆಟೆದುಕೊಂಡ. ಹಾವೇರಿಯಲ್ಲಿ ಸ್ಕ್ಯಾನ್ ಮಾಡಿ, ಮಿದುಳಿನ ಮುಂಭಾಗದಲ್ಲಿ ಕೀವು ತುಂಬಿದೆ, ಕೂಡಲೇ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಆಂಬುಲೆನ್ಸು ಹುಬ್ಬಳ್ಳಿ ಮುಟ್ಟಿದಾಗ ಜೀವ ಇರಲಿಲ್ಲ. ಉಸಿರು ಕೇಂದ್ರದ ಡಾಕ್ಟರ್ ಅನ್ನಪೂರ್ಣಾ ಹಂಚಿನಮನಿ ನೋಡಿ ಸಹಿ ಹಾಕಿದರು. ಮನೆಯವರು ತಮ್ಮ ಪದ್ಧತಿಯಂತೆ ಊರಾಚೆಯ ರುದ್ರಭೂಮಿಯಲ್ಲಿ ಕುಣಿ ತೋಡಿ, ಅದರ ಪಕ್ಕದಲ್ಲಿ ಗೂಡು ಕೊರೆದು, ಅವನನ್ನು ಕೂಡಿಸಿ ಮಣ್ಣು ಮಾಡಿದರು. ಮಣಿ ಹಣೆಯೊಳಗೇ ಉಳಿಯಿತು.

*

ಡಾಕ್ಟರ್ ಹಂಚಿನಮನಿ ಪರದೆಯ ಮುಂದೆ ನಿಂತೇ ಇದ್ದರು. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು.

"ನಾನ ನೋಡೀನಿ ಸುಮಿತ್ರಾ," ಎಂದರು. "ಕಣ್ಣಿಗೆ ಟಾರ್ಚ್ ಬಿಟ್ಟೀನಿ. ಪಾಪೆ ಅಳ್ಳಾಡಲಿಲ್ಲ. ಎದಿಗೆ ಕಿವಿ ಹಚ್ಚೀನಿ. ಹಣೆ ತಣ್ಣಗಿತ್ತು."

"ಹಂಗಾರ ಇದು ಏನ್ರಿ ಮೇಡಂ?"

ಡಾಕ್ಟರು ಪರದೆಯ ಗೆರೆಯ ಮೇಲೆ ಬೆರಳಿಟ್ಟು ಅದರ ಜೊತೆಗೇ ಏರಿಸಿ ಇಳಿಸಿದರು. ಇಪ್ಪತ್ತೈದು ವರ್ಷ ಜನರ ಮೂಗು ಗಂಟಲು ನೋಡಿದ ಕೈ ಅದು. ಸ್ವಲ್ಪ ಹೊತ್ತಿನಲ್ಲಿ ದೀಪ ಆರಿತು. ಶಂಕ್ರವ್ವ ಎದ್ದು ಮನೆಗೆ ಹೊರಟಿರಬೇಕು, ಮೊಬೈಲು ಅವಳ ಜೊತೆ ಹೋಗಿರಬೇಕು.

"ನೀ ಹೋಗಿ ಬಾ," ಎಂದರು ಡಾಕ್ಟರು. "ನಾ ಬಂದ್ರ ಅಕಿಗೆ ಮುಖ ತೋರಿಸೂದು ಹೆಂಗ?"

ಮರುದಿನ ಸುಮಿತ್ರಾ ಕೇಂದ್ರದ ಜೀಪಿನಲ್ಲಿ ಬ್ಯಾಡಗಿಗೆ ಹೋದಳು. ಪೇಟೆಯ ಹಿಂದಿನ ಓಣಿಯಲ್ಲಿ ತಗಡಿನ ಮನೆ. ಶಂಕ್ರವ್ವ ತೆಳ್ಳಗಿನ, ಎತ್ತರದ ಹೆಂಗಸು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಬೆರಳ ತುದಿಗಳು ಕಂದಿದ್ದವು. ಒಳಗಿನ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಯಾರೋ ಮಲಗಿದ್ದರು.

"ಮಗಳು ಮುಕ್ತಾ," ಎಂದಳು ಶಂಕ್ರವ್ವ. "ಅಪ್ಪನ್ನ ಬಾಳ ಹಚ್ಚಿಕೊಂಡಿದ್ಲು. ಅತ್ತು ಅತ್ತು ಕಣ್ಣು ಬಾತಾವು. ಮಲಗಲಿ ಬಿಡ್ರಿ."

ಇಬ್ಬರೂ ರುದ್ರಭೂಮಿಗೆ ನಡೆದರು. ಬಿಸಿಲು ಚುರುಗುಟ್ಟುತ್ತಿತ್ತು. ಹೊಸ ಮಣ್ಣಿನ ದಿಬ್ಬದ ಪಕ್ಕ ಶಂಕ್ರವ್ವ ಸೆರಗು ಹಾಸಿ ಕೂತು ಮೊಬೈಲನ್ನು ಮಣ್ಣಿಗೆ ತಾಗಿಸಿ ಇಟ್ಟಳು. ದೂರದ ರಸ್ತೆಯಲ್ಲಿ ಲಾರಿಯೊಂದು ಹೋಗಿ ಮರೆಯಾಯಿತು.

ಟಿಕ್.

ಈ ಸದ್ದನ್ನು ಮಾಡಿಕೊಟ್ಟವಳು ಸುಮಿತ್ರಾಳೇ. ಮಣಿಯನ್ನು ಪರೀಕ್ಷಿಸುವಾಗ ಸಾವಿರ ಸಲ ಕೇಳಿದ್ದಳು. ಇಲ್ಲಿ ಅದು ಬೇರೆಯೇ ಆಗಿತ್ತು.

ಟಿಕ್. ಟಿಕ್.

"ದಿವಸದ ಎಡಿ ಹಿಡಕೊಂಡು ಬಂದಾಗ ಮೊದಲ ಕೇಳಿದ್ದು," ಎಂದಳು ಶಂಕ್ರವ್ವ. "ಮೊಬೈಲು ನನ್ನ ಉಡ್ಯಾಗಿತ್ತು. ನಮ್ಮ ಭಾವಾರಿಗೆ ಹೇಳಿದೆ. ಹುಚ್ಚು ಹಿಡದೈತಿ ನಿನಗ, ಬಾಯಿ ಮುಚ್ಚು ಅಂದ್ರು. ಅವತ್ತಿಂದ ಯಾರಿಗೂ ಹೇಳಿಲ್ಲ. ದಿನಾ ಬಂದು ಕುಂದರ್ತೀನಿ." ಅವಳು ಸುಮಿತ್ರಾಳತ್ತ ತಿರುಗಿದಳು. ಕಣ್ಣು ಒಣಗಿದ್ದವು. "ಕಲತವರು ಅದೀರಿ, ಖರೇ ಹೇಳ್ರಿ. ಜೀವ ಇದ್ದಾಗನ ಮಣ್ಣು ಕೊಟ್ಟಿವೇನ್ರಿ ಇವರಿಗೆ?"

ಇಲ್ಲ ಎಂದು ಹೇಳಲು ಸುಮಿತ್ರಾ ಬಾಯಿ ತೆರೆದಳು. ಕಣ್ಣ ಮುಂದೆ ಆ ಗೆರೆ ಏರಿ ಇಳಿಯಿತು.

"ನನಗ ಗೊತ್ತಿಲ್ರಿ. ತಿಳಕೊಂಡು ಬಂದು ಹೇಳ್ತೀನಿ."

"ಲಗೂನ ಹೇಳ್ರಿ. ಇಲ್ಲಂದ್ರ ನಾನ ಗುದ್ದಲಿ ತಗೊಂಡು ಬರ್ತೀನಿ. ಭಾವಾರು ಬಂದ್ರೂ ಅಷ್ಟ, ಊರ ಬಂದ್ರೂ ಅಷ್ಟ."

*

ಭಾನುವಾರ ಸುಮಿತ್ರಾ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಗೆರೆಗಳನ್ನೇ ನೋಡುತ್ತಿದ್ದಳು. ಮಣಿಗೆ ವಿದ್ಯುತ್ತು ಎಲ್ಲಿಂದ ಸಿಗುತ್ತಿದೆ ಎಂಬುದು ಅವಳಿಗೆ ಹೊಳೆದಿತ್ತು. ಸತ್ತ ದೇಹದಲ್ಲಿ ರೋಗಾಣುಗಳಿಗೆ ಬರವಿಲ್ಲ. ಬದುಕಿದ್ದಾಗಿನದಕ್ಕಿಂತ ಹೆಚ್ಚೇ ಶಕ್ತಿ ಈಗ ಮಣಿಗೆ ಸಿಗುತ್ತಿರಬಹುದು. ಆದರೆ ಶಕ್ತಿ ಸಿಕ್ಕರೆ ಸುದ್ದಿ ಬರಬೇಕು, ಉಸಿರು ಯಾಕೆ ಬರಬೇಕು? ನೆರೆಮನೆಯಲ್ಲಿ ಯಾರೋ ಸಿಂಬಳ ಏರಿಸಿದ ಸದ್ದಿಗೂ ಅವಳು ಬೆಚ್ಚುತ್ತಿದ್ದಳು. ಹಿಂದಿನ ದಿನ ಮಧ್ಯಾಹ್ನ ಚಾಪೆಯ ಮೇಲೆ ಬಾಯ್ತೆರೆದು ನಿದ್ದೆ ಹೋಗಿದ್ದ ಅವ್ವನ ಪಕ್ಕ ಕೂತು, ಎದೆ ಏರುವುದನ್ನೇ ಎಷ್ಟೋ ಹೊತ್ತು ನೋಡಿದ್ದಳು.

ಅಡುಗೆಮನೆಯಲ್ಲಿ ಅವ್ವ ಚಟ್ನಿಪುಡಿಗೆಂದು ಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟು ಎದ್ದು ಸುಮಿತ್ರಾಳ ಗಂಟಲು ಹಿಡಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಕಿಟಕಿ ತಗಿಬಾರದೇನ," ಎಂದು ಅವ್ವ ಒಳಗಿನಿಂದ ಕೂಗಿದಳು.

ಸುಮಿತ್ರಾ ಏಳಲಿಲ್ಲ. ಮಣ್ಣಿನಡಿಯಿಂದ ಬಂದ ಸುದ್ದಿಯಲ್ಲಿ ಘಾಟಿನ ಗೆರೆಯನ್ನು ಹುಡುಕಿ ತೆಗೆದಳು. ಅದು ಪರದೆಯ ಮೇಲೆ ಗುಡ್ಡದಂತೆ ಎದ್ದು ನಿಂತಿತು. ಮೆಲ್ಲಗೆ ಏರಿ, ತುದಿ ಮುಟ್ಟಿ, ಮೆಲ್ಲಗೆ ಇಳಿಯುತ್ತಿತ್ತು. ಪೇಟೆಯಲ್ಲಿ ದಿನವಿಡೀ ಕೆಲಸ ಮಾಡಿದವನ ಮೂಗಿನೊಳಗಿನ ಘಾಟು.

ಆರಡಿ ಮಣ್ಣಿನ ಕೆಳಗೆ ಮೆಣಸಿನಕಾಯಿ ಎಲ್ಲಿಂದ ಬರಬೇಕು?

ಅಲ್ಲಿಗೆ ಎಲ್ಲವೂ ಬಿಡಿಸಿಕೊಂಡಿತು. ಇದು ಇವತ್ತಿನ ಉಸಿರಲ್ಲ. ಚನ್ನಮಲ್ಲಪ್ಪನ ಹಣೆಯ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚುತ್ತಾ ಬಂದಂತೆ ಮಣಿಗೆ ಶಕ್ತಿ ಸಾಲದಾಗಿತ್ತು. ಗುರುತಿಸಲು ಸಾಲುವಷ್ಟಿತ್ತು, ಕಳಿಸಲು ಸಾಲುವಷ್ಟಿರಲಿಲ್ಲ. ಹೀಗಾಗಿ ಅದು ಎಲ್ಲವನ್ನೂ ತನ್ನೊಳಗೇ ಕೂಡಿಟ್ಟುಕೊಂಡಿತ್ತು. ಮಣಿಯೊಳಗೆ ಗಡಿಯಾರವಿಲ್ಲ, ಸುದ್ದಿ ಮುಟ್ಟಿದ ಹೊತ್ತನ್ನೇ ಪರದೆ ಅದರ ಹೊತ್ತೆಂದು ತಿಳಿಯುತ್ತದೆ. ಈಗ, ಅವನು ಸತ್ತ ಮೇಲೆ, ಕಳಿಸಲು ಬೇಕಾದ ಶಕ್ತಿ ಅದಕ್ಕೆ ಸಿಕ್ಕಿತ್ತು. ಅವನ ಕೊನೆಯ ದಿನಗಳ ಉಸಿರನ್ನು ಒಂದೊಂದಾಗಿ ಹೊರಗೆ ಬಿಡುತ್ತಿತ್ತು.

ಸುಮಿತ್ರಾಳಿಗೆ ಮೊದಲು ಹಗುರವೆನಿಸಿತು. ಅವನನ್ನು ಜೀವಂತ ಹುಗಿದಿರಲಿಲ್ಲ. ಮರುಕ್ಷಣವೇ ಇನ್ನೊಂದು ನೆನಪಾಯಿತು. ಅವನು ಸಾಯುವ ಮುಂಚಿನ ದಿನಗಳಲ್ಲಿ ಪರದೆಯ ಮೇಲೆ ಅವನ ದೀಪವೇ ಇರಲಿಲ್ಲ. ಮೊಬೈಲು ಮರೆತಿದ್ದಾನೆ ಎಂದು ಎಲ್ಲರೂ ಸುಮ್ಮನಿದ್ದರು. ಘಾಟಿಗೆ ಹೆದರಿ ಕೆಂಪು ದೀಪದ ಬಗ್ಗೆ ಅಷ್ಟೆಲ್ಲ ತಲೆ ಕೆಡಿಸಿಕೊಂಡವರು, ಕಾಣೆಯಾದ ದೀಪದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮಣಿ ಮೌನವಾಗುವುದೇ ಎಲ್ಲಕ್ಕಿಂತ ದೊಡ್ಡ ಕೂಗಾಗಿತ್ತು.

ಅವಳು ಡಾಕ್ಟರಿಗೆ ಫೋನು ಮಾಡಿ ಹೇಳಿದಳು.

"ಈಗ ದೀಪ ಇಲ್ಲದವರು ಎಷ್ಟು ಮಂದಿ ಅದಾರ?" ಎಂದು ಅವರು ಕೇಳಿದರು.

"ಬಾಳ ಮಂದಿ ಅದಾರ್ರಿ. ಅದರಾಗ ಖರೇನ ಮೊಬೈಲು ಬಿಟ್ಟು ಹೋದವರು ಯಾರು, ಉಳಿದವರು ಯಾರು, ಇಲ್ಲೆ ಕುಂತು ತಿಳಿಯಂಗಿಲ್ಲ."

"ಹಂಗಾರ ಮನಿ ಮನಿಗೆ ಹೋಗಿ ನೋಡೂದ. ನಾಳೆ ಮುಂಜಾನೆ ಎಲ್ಲಾರನೂ ಕಳಸ್ತೀನಿ."

*

ಮರುದಿನ ಕೇಂದ್ರದ ಮಂದಿಯೆಲ್ಲ ಓಣಿ ಓಣಿ ಹಂಚಿಕೊಂಡರು. ಸುಮಿತ್ರಾ ಮೊದಲು ಶಂಕ್ರವ್ವನ ಮನೆಗೇ ಹೋದಳು. ಬಾಗಿಲಲ್ಲೇ ಗುದ್ದಲಿ ಒರಗಿಸಿಟ್ಟಿತ್ತು.

ಸುಮಿತ್ರಾ ನೆಲದ ಮೇಲೆ ಕೂತು, ತನಗೆ ತಿಳಿದದ್ದನ್ನೆಲ್ಲ ನಿಧಾನಕ್ಕೆ ಹೇಳಿದಳು.

"ಹಂಗಾರ ಅದು ಅವರ ಉಸುರು ಅಲ್ಲೇನ್ರಿ?"

"ಅವರದ ಉಸಿರ್ರಿ. ಆದ್ರ ಹಳೇದು. ಅವರು ಇಲ್ಲೆ ನಿಮ್ಮ ಜೋಡಿ ಇದ್ದಾಗಿನದು."

ಶಂಕ್ರವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಯೇ, ಎದೆಯ ಭಾರ ಇಳಿದು ಉಸಿರು ಬಿಡುತ್ತಿದ್ದಾಳೆಯೇ ಎಂಬುದು ಸುಮಿತ್ರಾಳಿಗೆ ತಿಳಿಯಲಿಲ್ಲ. "ನಾವು ನೋಡಬೇಕಾಗಿತ್ರಿ. ನೋಡಲಿಲ್ಲ," ಎಂದಷ್ಟೇ ಸುಮಿತ್ರಾ ಹೇಳಿದಳು.

ಅಷ್ಟರಲ್ಲಿ ಒಳಗಿನಿಂದ ಮುಕ್ತಾ ನೀರು ಕುಡಿಯಲು ಎದ್ದು ಬಂದಳು. ಇಪ್ಪತ್ತರ ಹುಡುಗಿ, ತಲೆಗೂದಲು ಕೆದರಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು. ಸುಮಿತ್ರಾ ಅವಳ ಮುಖ ನೋಡಿದವಳು ಎದ್ದು ಹತ್ತಿರ ಹೋದಳು. ಬಲಗಣ್ಣಿನ ರೆಪ್ಪೆ ಬಾತು ನೇರಳೆ ಬಣ್ಣಕ್ಕೆ ತಿರುಗಿತ್ತು. ಒಳಗಿನ ಗುಡ್ಡೆ ತುಸು ಮುಂದಕ್ಕೆ ಬಂದಂತಿತ್ತು. ಎಡಗಣ್ಣು ಸರಿಯಾಗಿಯೇ ಇತ್ತು.

"ಶಂಕ್ರವ್ವಾರ, ಅತ್ತರ ಎರಡೂ ಕಣ್ಣು ಬಾತಿರಬೇಕಲ್ರಿ?"

ಶಂಕ್ರವ್ವ ಮಗಳತ್ತ ತಿರುಗಿದಳು. ಇಷ್ಟು ದಿನ ಕಣ್ಣೆದುರಿಗಿದ್ದ ಮುಖವನ್ನು ಮೊದಲ ಸಲ ಕಂಡವಳಂತೆ ನೋಡಿದಳು.

"ಮುಕ್ತಾ, ನಿನಗೂ ಮಣಿ ಹಾಕ್ಯಾರ ಹೌದಿಲ್ಲೋ? ಮೊಬೈಲು ಎಲ್ಲೈತಿ?"

"ಇಲ್ಲೆ ದಿಂಬಿನ ಮಗ್ಗಲಾಗ ಐತ್ರಿ. ಚಾಲೂ ಐತಿ." ಮಾತಾಡುವಾಗ ಹುಡುಗಿ ಹಣೆ ಒತ್ತಿಕೊಂಡಳು. "ಟಿಕ್ ಅನ್ನೂದು ನಿಂತು ಬಾಳ ದಿನ ಆತು. ಕೆಟ್ಟೈತಿ ಅಂದ್ಕೊಂಡೆ."

ಸುಮಿತ್ರಾ ಫೋನು ಹಚ್ಚಿ ಡಾಕ್ಟರಿಗೆ ಮುಖ ತೋರಿಸಿದಳು. ಡಾಕ್ಟರು ಕೂಡಲೇ ಕೇಳಿದರು. "ಅಲ್ಲೆ ಏನರ ಕೆಂಪಂದು ಐತೇನು? ಒಂದೊಂದ ಕಣ್ಣು ಮುಚ್ಚಿಸಿ ತೋರಿಸು."

ಮನೆಯಲ್ಲಿ ಕೆಂಪಿಗೇನು ಕಡಿಮೆ? ಮೂಲೆಯ ಮೊರದಲ್ಲಿ ತೊಟ್ಟು ಬಿಡಿಸಲು ಇಟ್ಟ ಮೆಣಸಿನಕಾಯಿ ರಾಶಿಯಿತ್ತು. ಸುಮಿತ್ರಾ ಒಂದನ್ನು ಎತ್ತಿ ಹಿಡಿದು, ಹುಡುಗಿಯ ಬಲಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿದಳು.

"ಯಾವ ಬಣ್ಣ ಐತಿ?"

"ಕೆಂಪ. ಚೊಲೋ ಕಾಯಿ."

ಕೈ ಬದಲಿಸಿದಳು. ಮುಕ್ತಾ ಬಾತ ರೆಪ್ಪೆಯನ್ನು ಕಷ್ಟಪಟ್ಟು ತೆರೆದು ನೋಡಿದಳು.

"ಇದು ಹಳೇ ಕಾಯಿ ಅಲ್ರಿ? ಬಣ್ಣ ಹೋಗೇತಿ. ಮಣ್ಣಿನಂಗ ಐತಿ."

"ಅದ ಕಾಯಿ ಮುಕ್ತಾ," ಎಂದಳು ಸುಮಿತ್ರಾ.

ಫೋನಿನಿಂದ ಡಾಕ್ಟರು ಕೂಗಿದಂತೆ ಹೇಳಿದರು: "ಕಣ್ಣಿನ ನರಾ ಕೀವು ಒತ್ತಾಕ್ಹತ್ತೈತಿ. ಅದಕ್ಕ ಕೆಂಪು ಮಂಕಾಗೂದು. ಕೀವು ಹಿಂದಕ್ಕ ಸರಿದ್ರ ಮಿದುಳಿಗೆ ಹೋಗತೈತಿ. ಕುಂದರಬ್ಯಾಡ್ರಿ, ಹಂಗ ಎಬ್ಬಿಸಿಕೊಂಡು ಬರ್ರಿ. ನಾ ಥಿಯೇಟರ್ ರೆಡಿ ಮಾಡಸ್ತೀನಿ."

*

ಜೀಪಿನ ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶಂಕ್ರವ್ವ ದಾರಿಯುದ್ದಕ್ಕೂ ಕಿಟಕಿಯ ಕಡೆ ನೋಡಲಿಲ್ಲ. ಇದೇ ದಾರಿಯಲ್ಲಿ ಅವಳು ಗಂಡನನ್ನು ಹೀಗೇ ಕರೆದೊಯ್ದಿದ್ದಳು. ಹೆದ್ದಾರಿ ಹತ್ತಿದ ಮೇಲೆ ಒಮ್ಮೆ, "ಉಸುರಾಡ್ತಾಳ ಅಲ್ರಿ?" ಎಂದಳು. ಸುಮಿತ್ರಾ ಮುಂದಿನಿಂದ ತಿರುಗಿ ನೋಡಿ ಹೌದೆಂದಳು. ಇನ್ನೊಂದಿಷ್ಟು ದೂರಕ್ಕೆ ಮತ್ತೆ ಅದನ್ನೇ ಕೇಳಿದಳು. ಹುಬ್ಬಳ್ಳಿ ಬರುವವರೆಗೂ ಕೇಳುತ್ತಲೇ ಇದ್ದಳು.

ಸ್ಕ್ಯಾನಿನಲ್ಲಿ ಎಲ್ಲ ಕಂಡಿತು. ಮೂಗಿನ ಪಕ್ಕದ ಕೋಣೆಗಳು ತುಂಬಿ, ತೆಳುಗೋಡೆ ಒಡೆದು, ಕಣ್ಣುಗುಡ್ಡೆಯ ಹಿಂದೆ ಕೀವಿನ ಗಂಟು ಕಟ್ಟಿತ್ತು. ಕಣ್ಣಿನ ಹಿಂದಿನಿಂದ ಮಿದುಳಿನ ಬುಡಕ್ಕೆ ರಕ್ತ ಒಯ್ಯುವ ನಾಳಗಳಿಗೆ ಅದು ಇನ್ನೂ ಮುಟ್ಟಿರಲಿಲ್ಲ. ಮುಟ್ಟಿ ರಕ್ತ ಅಲ್ಲಿ ಹೆಪ್ಪುಗಟ್ಟಿದ್ದರೆ ತಮ್ಮ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಮೂಗಿನೊಳಗಿಂದಲೇ ಹೋಗಿ ಕೋಣೆಗಳ ಬಾಗಿಲು ತೆರೆದರು, ಕೀವು ತೆಗೆದರು, ನರದ ಮೇಲಿನ ಒತ್ತಡ ಇಳಿಸಿದರು.

ಮುಕ್ತಾ ಬದುಕಿದಳು. ಬಾವು ಇಳಿದು, ಕಣ್ಣು ತನ್ನ ಜಾಗಕ್ಕೆ ಮರಳಿತು. ಬಲಗಣ್ಣಿನಲ್ಲಿ ಜನ ಕಂಡರು, ಬಾಗಿಲು ಕಂಡಿತು, ಅಕ್ಷರವೂ ಕಂಡಿತು. ಕೆಂಪು ಮಾತ್ರ ಮರಳಲಿಲ್ಲ. ಇನ್ನು ಮರಳುವುದೂ ಇಲ್ಲವೆಂದು ಡಾಕ್ಟರು ಅವಳ ಕೈ ಹಿಡಿದು ಹೇಳಿದರು. ಹುಡುಗಿ ಎಡಗಣ್ಣು ಮುಚ್ಚಿ ಅವ್ವನ ಹಣೆಯನ್ನು ನೋಡಿದಳು. ಕುಂಕುಮ ಅಳಿಸಿದ ಬರಿಯ ಹಣೆ. "ಈ ಕಣ್ಣಿಗೆ ಇನ್ಮ್ಯಾಲೆ ಎಲ್ಲಾರ ಹಣಿನೂ ಹಿಂಗ," ಎಂದಳು. ಶಂಕ್ರವ್ವ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಆ ವಾರ ಮನೆ ಮನೆಗೆ ಹೋದವರಿಗೆ ಇನ್ನೂ ಮೂವರು ಸಿಕ್ಕರು. ಇಬ್ಬರು ಉಳಿದರು. ಮೂರನೆಯವನು ಒಬ್ಬ ಲಾರಿ ಚಾಲಕ. ಅವನ ಎರಡೂ ಕಣ್ಣು ಹೊರಗೆ ಬಂದಿದ್ದವು. ಅವನ ಹೆಂಡತಿ ಮುಕ್ತಾಳ ವಾರ್ಡಿನಾಚೆ ಬೆಂಚಿನ ಮೇಲೆ ಕೂತಿದ್ದಾಗ ಶಂಕ್ರವ್ವ ಹೋಗಿ ಪಕ್ಕದಲ್ಲಿ ಕೂತಳು. ಮೂರನೆಯ ದಿನ ಆ ಬೆಂಚು ಖಾಲಿಯಾಯಿತು.

*

ಮುಕ್ತಾಳನ್ನು ಮನೆಗೆ ಕಳಿಸುವ ದಿನ ಸುಮಿತ್ರಾ ಶಂಕ್ರವ್ವನನ್ನು ಆಸ್ಪತ್ರೆಯ ಅಂಗಳದ ಬೇವಿನ ಗಿಡದ ಬುಡಕ್ಕೆ ಕರೆದೊಯ್ದಳು.

"ಮಣಿಯೊಳಗ ಇನ್ನೂ ಸ್ವಲ್ಪ ಉಳದೈತ್ರಿ. ಕಡೀ ದಿನದ್ದು. ಬಾಗಿಲು ಪೂರಾ ಮುಚ್ಚಿದ ಮ್ಯಾಲೆ ಕೀವು ಮಿದುಳಿಗೆ ಹೋಗಾಕ ಎಷ್ಟು ಹೊತ್ತು ಹಿಡೀತು ಅನ್ನೂದು ಅದರಾಗಿನ ಉಸಿರು ಎಣಿಸಿದ್ರ ಸಿಗತೈತಿ. ಅದು ಗೊತ್ತಾದ್ರ, ಮಣಿ ಸುಮ್ಮನಾದ ಮ್ಯಾಲೆ ನಮ್ಮ ಕೈಯಾಗ ಎಷ್ಟು ವ್ಯಾಳ್ಯಾ ಐತಿ ಅಂತ ತಿಳೀತೈತಿ. ನೀವು ಹೋಗಿ ಕುಂತರ ಅದು ಬರತೈತಿ. ಒಲ್ಲೆ ಅಂದ್ರೂ ನಾವು ಏನೂ ಅನ್ನಂಗಿಲ್ಲ."

"ಅದು ಬಂದ ಮ್ಯಾಲೆ?"

"ಬಂದ ಮ್ಯಾಲೆ ಮಣಿ ಖಾಲಿ ಆಗತೈತ್ರಿ."

"ನಾ ಹೋಗದ ಇದ್ರ?"

"ಒಳಗ ಇರತೈತಿ. ಮಣಿ ಇರೂತನಕ."

ಮೇಲಿನಿಂದ ಬೇವಿನ ಹೂವು ಉದುರಿ ಶಂಕ್ರವ್ವನ ತಲೆಯ ಸೆರಗಿನ ಮೇಲೆ ಕೂತಿತ್ತು. "ಹಂಗಾರ ಅವರ ಕಡೀ ಉಸುರು ನನ್ನ ಕೈಯಾಗ ಐತಿ," ಎಂದಳು, ತನಗೆ ತಾನೇ ಹೇಳಿಕೊಂಡಂತೆ. ಮಗಳ ಕೈ ಹಿಡಿದು ಬಸ್ಸು ಹತ್ತಿ ಹೋದಳು.

ಸುಮಿತ್ರಾ ಮತ್ತೆ ಕೇಳಲಿಲ್ಲ. ನಿಗಾ ಕೋಣೆಯಲ್ಲಿ ಈಗ ದೀಪ ಆರಿದ ಕೂಡಲೇ ಗಂಟೆ ಬಾರಿಸುವಂತೆ ಮಾಡಿದ್ದರು. ದಿನವಿಡೀ ಗಂಟೆ, ದಿನವಿಡೀ ಫೋನು. 'ಮೊಬೈಲು ಚಾರ್ಜ್ ಇರಲಿಲ್ರಿ', 'ಹೊಲಕ್ಕ ಹೋಗಿದ್ನಿ', 'ಸತ್ತೀನಿ ಅಂದ್ಕೊಂಡ್ರೇನು' ಎಂದು ಬೈದವರ ದನಿ ಕೇಳಿದಾಗ ಅವಳಿಗೆ ಎಂಥದೋ ಸಮಾಧಾನ. ಚನ್ನಮಲ್ಲಪ್ಪನ ಹೆಸರನ್ನು ಮಾತ್ರ ಪರದೆಯಿಂದ ತೆಗೆಯಲು ಬಿಟ್ಟಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಆ ದೀಪ ಹೊತ್ತಿತು.

ಸುಮಿತ್ರಾ ಬಾಗಿಲು ಮುಚ್ಚಿ ಪರದೆಯ ಮುಂದೆ ಕೂತಳು. ಉಸಿರಿನ ಗೆರೆ ಈಗ ತೀರ ಸಣ್ಣದಾಗಿತ್ತು, ಮುಚ್ಚಿದ ಬಾಗಿಲಾಚೆಯ ಹೆಜ್ಜೆಸಪ್ಪಳದಂತೆ. ಒತ್ತಡದ ಗೆರೆ ಏರುತ್ತಾ ಹೋಗಿ, ಒಂದು ಕಡೆ ಥಟ್ಟನೆ ಕೆಳಗೆ ಬಿತ್ತು. ಗೋಡೆ ಒಡೆದದ್ದು ಅಲ್ಲಿ. ಬೇಕಾದದ್ದು ಸಿಕ್ಕಿತ್ತು, ಗುರುತು ಹಾಕಿಕೊಂಡಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಿಸಿಯ ಗೆರೆಯಲ್ಲಿ ಏನೋ ಇತ್ತು. ಜ್ವರದ ಎತ್ತರದಲ್ಲಿದ್ದ ಆ ಗೆರೆ ಆಗೊಮ್ಮೆ ಈಗೊಮ್ಮೆ ಸಣ್ಣಗೆ ತಗ್ಗುತ್ತಿತ್ತು, ಮತ್ತೆ ಏರುತ್ತಿತ್ತು, ಮತ್ತೆ ತಗ್ಗುತ್ತಿತ್ತು. ಯಂತ್ರದ ದೋಷವೇ ಎಂದು ನೋಡಿದಳು. ಅಲ್ಲ. ಹೊರಗಿನಿಂದ ಹಣೆಗೆ ತಂಪು ತಾಗುತ್ತಿತ್ತು. ಉಸಿರಿನ ಗೆರೆ ಕಿರಿದಾಗಿ, ಬಿಟ್ಟು ಬಿಟ್ಟು ಬಂದು, ನಿಂತು ನೇರವಾಯಿತು. ಆಮೇಲೂ ಬಿಸಿಯ ಗೆರೆ ತಗ್ಗಿತು, ಏರಿತು, ತಗ್ಗಿತು.

ಫೋನು ಬಂತು.

"ಎಲ್ಲಾ ಬಂತೇನ್ರಿ ಬಾಯಾರ?"

"ಬಂತ್ರಿ."

"ಕೆಲಸಕ್ಕ ಬರೂದು ಇತ್ತೇನ್ರಿ ಅದರಾಗ?"

"ಇತ್ರಿ. ಬಾಳ ಮಂದಿ ಉಳೀತಾರ ಅದರಿಂದ."

"ಮತ್ತ, ಕಡೀಕ ಏನಿತ್ರಿ?"

ಸುಮಿತ್ರಾ ಪರದೆಯನ್ನು ನೋಡಿದಳು. "ತಂಪಿತ್ರಿ," ಎಂದಳು. "ದಾರ್ಯಾಗ ನೀವು ಅವರ ಹಣಿ ಮ್ಯಾಲೆ ಹಸೀ ಬಟ್ಟಿ ಹಾಕಿದ್ರಿ ಹೌದಿಲ್ಲೋ?"

"ಹಾಕಿದ್ನಿ. ಬಾಟಲಿ ನೀರಾಗ ಸೆರಗು ತೊಯ್ಸಿ ತೊಯ್ಸಿ ಹಾಕಿದ್ನಿ. ಅದೂ ಬಂದೈತೇನ್ರಿ?"

"ಒಂದೊಂದೂ ಬಂದೈತ್ರಿ. ಕಡೀ ತನಕ."

ಆ ಕಡೆ ಗಾಳಿಯ ಸದ್ದಷ್ಟೇ ಕೇಳುತ್ತಿತ್ತು. ಟಿಕ್ ಎನ್ನುವುದು ನಿಂತಿತ್ತು.

"ಉಸುರು ನಿಂತ ಮ್ಯಾಲೂ ಹಾಕೀನೇನ್ರಿ ನಾನು?"

ಸುಳ್ಳು ಹೇಳಬೇಕೆಂದು ಸುಮಿತ್ರಾಳಿಗೆ ಅನಿಸಿತು. ಹೇಳಲಿಲ್ಲ.

"ಹೌದ್ರಿ. ಹುಬ್ಬಳ್ಳಿ ಮುಟ್ಟೂತನಕ."

"ನನಗ ಗೊತ್ತಾಗಿರಲಿಲ್ಲ ನೋಡ್ರಿ," ಎಂದಳು ಶಂಕ್ರವ್ವ. ಆಮೇಲೆ ಮಣ್ಣಿನ ಕಡೆ ತಿರುಗಿ ಯಾರಿಗೋ ಏನನ್ನೋ ಮೆಲ್ಲಗೆ ಹೇಳಿದಳು, ಅದು ಸುಮಿತ್ರಾಳಿಗೆ ಕೇಳಿಸಲಿಲ್ಲ. ಫೋನು ಹಾಗೇ ತೆರೆದಿತ್ತು. ಪರದೆಯ ಮೇಲೆ ದೀಪ ಆರಿತು, ಕೋಣೆಯಲ್ಲಿ ಗಂಟೆ ಬಾರಿಸತೊಡಗಿತು. ಅದನ್ನು ನಿಲ್ಲಿಸಲು ಸುಮಿತ್ರಾ ಕೈ ಚಾಚಿದಳು. ನಿಲ್ಲಿಸಲಾರದೆ ಹಾಗೇ ಕೂತಳು.